ಕೆಂಚಯ್ಯನಿಗೆ ಬಂದದ್ದು ಚಳಿಜ್ವರವಲ್ಲ

ಹೆಸರು ತಂಗಮ್ಮ. ತಂದೆ ಬೆಳ್ಳಿಯಪ್ಪ. ವಯಸ್ಸು ಇಪ್ಪತ್ತೊಂದು. ಕಸಬು ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಸ್ವಂತ ಊರು ವಸ್ತಾರೆ. ಹಾಲಿ ವಾಸ ಮಲ್ಲಂದೂರಿಗೆ ಎರಡು ಮೈಲಿ ದೂರದ ಕೆಳಮಕ್ಕಿ ಎಸ್ಟೇಟಿನ ಆಸ್ಪತ್ರೆಯ ಹಿಂದಿನ ಕೋಣೆ, ಕಡೂರು ಜಿಲ್ಲೆ.

ನಾನು ಕಂಡದ್ದನ್ನೂ ಮಾಡಿದ್ದನ್ನೂ ಸಬ್ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಇಡುತ್ತಿರುವುದೇನೆಂದರೆ:

ನನಗೆ ಓದು ಬರಹ ಬರುವುದರಿಂದ ಈ ಹೇಳಿಕೆಯನ್ನು ನಾನೇ ಬರೆದು ಕೊಡುತ್ತಿದ್ದೇನೆ. ಲೋವರ್ ಸೆಕೆಂಡರಿ ಎರಡನೇ ವರ್ಷದಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಕೂರಲಾಗದೆ ನಾನೇ ಬಿಟ್ಟೆ. ಆಮೇಲೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ವಸಂತಮ್ಮನವರೆಂಬ ಹಿರಿಯ ನರ್ಸಿನ ಕೈಕೆಳಗೆ, ಆಪರೇಷನ್ ಆದ ಗಂಡಸರ ವಾರ್ಡಿನಲ್ಲಿ ಹದಿನಾಲ್ಕು ತಿಂಗಳು ಕೆಲಸ ಕಲಿತು, ಪರೀಕ್ಷೆಗೆ ಮುಂಚೆ ಅದನ್ನೂ ಬಿಟ್ಟೆ. ಆದ್ದರಿಂದ ನನ್ನ ಬಳಿ ಸರ್ಟಿಫಿಕೇಟ್ ಇಲ್ಲ. ಕೆಳಮಕ್ಕಿಗೆ ಬಂದು ಏಳು ತಿಂಗಳಾಯಿತು. ಅಲ್ಲಿ ಎಂಟು ಹಾಸಿಗೆ ಇವೆ. ಡಾಕ್ಟರು ಗುರುವಾರ ಮಾತ್ರ ಬರುತ್ತಾರೆ. ಉಳಿದ ದಿನ ಕಾಂಪೌಂಡರ್ ಪರಮೇಶ್ವರಪ್ಪನವರ ಮಾತೇ ಕೊನೆ. ಕೆಲಸಗಾರ ಕೆಂಚಯ್ಯನಿಗೆ ನಾನು ಎರಡು ಪಟ್ಟು ಕ್ವಿನೈನ್ ಕುಡಿಸಿ ಸಾಯಿಸಿದೆನೆಂದು ಅವರು ನಿನ್ನೆ ಠಾಣೆಗೆ ಬರೆದುಕೊಟ್ಟಿದ್ದಾರೆಂದು ತಿಳಿದು ಇಲ್ಲಿಗೆ ಬಂದಿದ್ದೇನೆ.

ಇದೇ ಮೇ ಹದಿನೈದನೇ ತಾರೀಖು ಸೋಮವಾರ ಬೆಳಿಗ್ಗೆ ಎಂಟು ಐವತ್ತಕ್ಕೆ ಕೆಂಚಯ್ಯನನ್ನು ಅವನ ಜೊತೆಗಾರ ದಾಸಯ್ಯ ತೋಳು ಹಿಡಿದು ನಡೆಸಿಕೊಂಡು ಬಂದನು. ಇಬ್ಬರೂ ಮರಗಸಿ ಗುಂಪಿನವರು. ಎಂದರೆ ಮಳೆಗೆ ಮುಂಚೆ ಕಾಫಿ ಗಿಡದ ಮೇಲಿನ ನೆರಳು ಮರ ಹತ್ತಿ ಕೊಂಬೆ ಕಡಿಯುವವರು. ಅವರು ಕೆಲಸ ಮಾಡುತ್ತಿದ್ದ ಜಾಗ ಆಸ್ಪತ್ರೆಗೆ ಆರು ಫರ್ಲಾಂಗು. ಕೆಂಚಯ್ಯನಿಗೆ ಸುಮಾರು ಮೂವತ್ತೆಂಟು ವರ್ಷ. ಏನಾಯಿತೆಂದು ಕೇಳಿದ್ದಕ್ಕೆ ದಾಸಯ್ಯನು, “ಚಳಿ ಹಿಡ್ದದೆ ನರ್ಸಮ್ಮ, ಇನ್ನೇನ್ ಆಗ್ತದೆ ಈ ಕಾಡಲ್ಲಿ” ಎಂದನು. ಎಲ್ಲಾದರೂ ಬಿದ್ದೆಯಾ ಎಂದು ನಾನು ಕೆಂಚಯ್ಯನನ್ನು ಕೇಳಿದೆ. ಅವನು ಇಲ್ಲವೆಂದನು. ಮೈ ನಡುಗುತ್ತಿತ್ತು. ಅಂದು ವಾರ್ಡಿನಲ್ಲಿ ಆಗಲೇ ಐವರು ಚಳಿಜ್ವರದವರು ಮಲಗಿದ್ದರು.

ಒಂಬತ್ತು ಐದಕ್ಕೆ ಮೈ ಕಾವು ತೊಂಬತ್ತೇಳು, ನಾಡಿ ನಿಮಿಷಕ್ಕೆ ತೊಂಬತ್ತೆರಡು. ನಮ್ಮ ಕಡೆ ಚಳಿಜ್ವರ ಬಿದ್ದು ಎದ್ದವರಿಗೆಲ್ಲ ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಊದಿರುತ್ತದೆ. ಲೈನ್ ಮನೆಗಳಲ್ಲಿರುವ ಕೂಲಿಯವರು ಅದನ್ನು ಗಡ್ಡೆ ಎನ್ನುತ್ತಾರೆ. ಯಾರೇ ಬಂದರೂ ಹೊಟ್ಟೆ ಒತ್ತಿ, ಗಡ್ಡೆ ಎಷ್ಟು ಬೆರಳೆಂದು ಅಳೆದು ರೋಗಿಯ ಟಿಕೆಟ್ಟಿನಲ್ಲಿ ಬರೆಯುವುದು ಆಸ್ಪತ್ರೆಯ ಪದ್ಧತಿ. ನಾನು ಒತ್ತಿ ಅಳೆದೆ. ಕೆಂಚಯ್ಯನು ನನ್ನ ಮಣಿಕಟ್ಟು ಹಿಡಿದುಕೊಂಡನು. ಎಷ್ಟೋ ಜನರ ಗಡ್ಡೆ ಒತ್ತಿದ್ದೇನೆ, ಹಾಗೆ ಯಾರೂ ಹಿಡಿದಿರಲಿಲ್ಲ. ಆದರೂ ನಾನು “ನಾಲ್ಕು ಬೆರಳು” ಎಂದು ಬರೆದೆನೇ ಹೊರತು ಅವನು ಕೈ ಹಿಡಿದದ್ದನ್ನು ಬರೆಯಲಿಲ್ಲ. ಅದನ್ನು ಬರೆಯಲು ಟಿಕೆಟ್ಟಿನಲ್ಲಿ ಜಾಗವಿಲ್ಲ.

ಪರಮೇಶ್ವರಪ್ಪನವರು ಬಾಗಿಲಲ್ಲೇ ನಿಂತು ನೋಡಿ ಕ್ವಿನೈನ್, ಎರಡು ಕಂಬಳಿ, ಬಿಸಿ ಇಟ್ಟಿಗೆ ಎಂದರು. ಒಂಬತ್ತು ಇಪ್ಪತ್ತಕ್ಕೆ ಒಂದು ಔನ್ಸ್ ಮಿಕ್ಸ್ಚರ್ ಕುಡಿಸಿದೆ. ಆ ಡೋಸು ನನ್ನ ಕೈಯಿಂದಲೇ ಹೋದದ್ದು. ಕಾಲಿಗೂ ಪಕ್ಕೆಗೂ ಬಿಸಿ ಇಟ್ಟಿಗೆ ಇಟ್ಟವಳೂ ನಾನೇ.

ಚಳಿಜ್ವರದ ನಡುಕ ಒಂದು ಗಂಟೆಯಲ್ಲಿ ಬಿಟ್ಟು, ಮೈ ನೂರಮೂರು ನೂರನಾಲ್ಕಕ್ಕೆ ಕಾಯಬೇಕು. ಅಕ್ಕಪಕ್ಕದ ಹಾಸಿಗೆಯವರಿಗೆ ಹಾಗೆಯೇ ಆಯಿತು. ಹತ್ತು ಹತ್ತಕ್ಕೆ ನೋಡಿದಾಗ ಕೆಂಚಯ್ಯನ ಮೈ ತೊಂಬತ್ತಾರೂವರೆಗೆ ಇಳಿದಿತ್ತು, ನಾಡಿ ನೂರೆಂಟಕ್ಕೆ ಏರಿತ್ತು. ಕಾಂಪೌಂಡರಿಗೆ ತಿಳಿಸಿದೆ. ಕಾದು ನೋಡೆಂದರು. ಕಾದೆ. ಹತ್ತು ನಲವತ್ತೈದಕ್ಕೆ ನಾಡಿ ನೂರಹದಿನಾರು. ನೀರು ನೀರು ಎನ್ನುತ್ತಿದ್ದನು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳುಪೇರಿತ್ತು. ಎಡ ಭುಜದ ತುದಿ ನೋಯುತ್ತದೆಂದನು. ಭುಜ ಒತ್ತಿದರೆ ನೋವಿಲ್ಲ, ಊತವಿಲ್ಲ. ಹೊಟ್ಟೆಯೊಳಗೆ ರಕ್ತ ಇಳಿದವರಿಗೆ ಏನೂ ಆಗದ ಭುಜ ನೋಯುತ್ತದೆಂದು ವಸಂತಮ್ಮನವರು ಒಬ್ಬ ಗಾಡಿ ಹೊಡೆಯುವವನ ಹಾಸಿಗೆಯ ಬಳಿ ನನಗೆ ತೋರಿಸಿದ್ದರು. ಅದನ್ನೇ ಪರಮೇಶ್ವರಪ್ಪನವರಿಗೆ ಹೇಳಿದೆ. ಅವರು, “ಮರ ಕಡಿಯೋನಿಗೆ ಭುಜ ನೋಯ್ದೆ ಮೂಗು ನೋಯ್ತದೇನೆ?” ಎಂದರು. ಹಾಸಿಗೆಯಲ್ಲಿದ್ದವರೂ ನಕ್ಕರು. ಕೆಂಚಯ್ಯನೂ ನಗಲು ನೋಡಿದನು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡನು.

ಹನ್ನೊಂದು ಇಪ್ಪತ್ತಕ್ಕೆ ನಾಡಿ ನೂರಿಪ್ಪತ್ತನಾಲ್ಕು. ಹೊಟ್ಟೆ ಬಿಗಿದು, ಬೆಳಿಗ್ಗೆ ನಾಲ್ಕು ಬೆರಳೆಂದು ನಾನೇ ಬರೆದ ಗಡ್ಡೆಯ ಅಂಚು ಕೈಗೆ ಸಿಗಲಿಲ್ಲ.

ಹನ್ನೊಂದೂವರೆಗೆ ಅವನ ಹೆಂಡತಿ ಸಿದ್ದಮ್ಮ ಗಂಜಿ ತಂದಳು. ಕುಡಿಸಬೇಡವೆಂದೆ. ಆಗ ಅವಳು ನನ್ನನ್ನು ಜಗಲಿಗೆ ಕರೆದು, “ನಾ ಹೇಳ್ದೆ ಅನ್ಬ್ಯಾಡಿ ನರ್ಸಮ್ಮ. ಕಡ್ದ ಕೊಂಬೆ ವಾಲ್ಕೊಂಡು ಬಂದು ಪಕ್ಕೆಗೆ ಬಡೀತಂತೆ. ಬಾಯ್ಬಿಟ್ರೆ ಮರದಿಂದ ಇಳಿಸ್ತಾರೆ ಅಂತ ಸುಮ್ನಿದಾರೆ” ಎಂದಳು. ಮರದ ಮೇಲೆ ಪೆಟ್ಟು ತಿಂದವನನ್ನು ಮೇಸ್ತ್ರಿ ಮರುದಿನದಿಂದ ಹೆಂಗಸರ ಜೊತೆ ಕಳೆ ಕೀಳಲು ಹಾಕುತ್ತಾನೆ. ಕೈ ನಡುಗಿದವನು ಎಂದು ಹೆಸರು ಬೀಳುತ್ತದೆ. ಮರಗಸಿಯವರು ಅದಕ್ಕಾಗಿ ಪೆಟ್ಟನ್ನು ಮುಚ್ಚಿಟ್ಟು ಚಳಿ ಎನ್ನುತ್ತಾರೆ. ಚಳಿಗೆ ಯಾರೂ ನಗುವುದಿಲ್ಲ. ಇದು ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಬೆಳಿಗ್ಗೆ ನಾನು ಬಿದ್ದೆಯಾ ಎಂದು ಕೇಳಿದೆ, ಏನಾದರೂ ತಾಗಿತೇ ಎಂದು ಕೇಳಲಿಲ್ಲ. ಅಂಗಿ ಎತ್ತಿ ನೋಡಿದರೆ ಎಡ ಪಕ್ಕೆಯ ಮೇಲೆ ಅಂಗೈಯಷ್ಟಗಲ ಕೆಂಪಾಗಿತ್ತು. ಬೆಳಿಗ್ಗೆ ಗಡ್ಡೆ ಅಳೆದದ್ದು ಅಂಗಿಯ ಕೆಳಗೆ ಕೈ ತೂರಿಸಿ.

ಹನ್ನೊಂದು ನಲವತ್ತಕ್ಕೆ ಪರಮೇಶ್ವರಪ್ಪನವರ ಕೋಣೆಗೆ ಹೋಗಿ, ಕೊಂಬೆ ಬಡಿದದ್ದು, ನಾಡಿ, ಭುಜ, ಹೊಟ್ಟೆ ಎಲ್ಲವನ್ನೂ ಹೇಳಿ, ಗುಲ್ಮ ಒಡೆದು ಒಳಗೆ ರಕ್ತ ಹರಿಯುತ್ತಿದೆ, ಚಿಕ್ಕಮಗಳೂರಿಗೆ ಕಳಿಸಲು ಚೀಟಿ ಕೊಡಿ ಎಂದೆ. ದೂರ ಹದಿನೇಳು ಮೈಲಿ. ಅವರ ಮಾತನ್ನು ಅವರು ಆಡಿದಂತೆಯೇ ಬರೆಯುತ್ತೇನೆ. “ಇಪ್ಪತ್ತೆರಡು ವರ್ಷದಲ್ಲಿ ನಾ ನೋಡಿದ ಚಳಿಯಷ್ಟು ನೀನು ಅನ್ನ ಉಂಡಿಲ್ಲ ಮಾರಾಯ್ತಿ. ಸ್ಕೂಲ್ ಬಿಟ್ಟೆ, ಟ್ರೈನಿಂಗ್ ಬಿಟ್ಟೆ. ಇದೊಂದು ಹಟ ಬಿಡಕ್ಕೆ ಏನ್ ದಾಡಿ ನಿಂಗೆ? ಹೋದ ತಿಂಗ್ಳು ಒಬ್ಬನ್ನ ಕಳ್ಸಿದ್ವಿ, ಬರೀ ಅಜೀರ್ಣ ಅಂತ ವಾಪಸ್ ಬಂದ. ಮ್ಯಾನೇಜರ್ ಹತ್ರ ಉಗಿಸ್ಕೊಂಡೋನು ನಾನು, ನೀನಲ್ಲ.” ಇದಕ್ಕೆ ನಾನು, ನಾಡಿ ಎಣಿಸಿ ನೋಡಿ ಎಂದೆ. ಅವರು ಏಳಲಿಲ್ಲ.

ವಾರ್ಡಿಗೆ ಬಂದು ಇಟ್ಟಿಗೆಗಳನ್ನು ಪಕ್ಕೆಯಿಂದ ತೆಗೆದೆ. ಅವೇ ಇಟ್ಟಿಗೆಗಳನ್ನು ಮಂಚದ ಕಾಲಿನ ಕಡೆ ಕೆಳಗಿಟ್ಟು, ತಲೆ ತಗ್ಗುವಂತೆ ಮಾಡಿದೆ. ಬಾಯಿಗೆ ನೀರು ಕೊಡದೆ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದೆ. ಹನ್ನೆರಡು ಗಂಟೆಗೆ ಪರಮೇಶ್ವರಪ್ಪನವರು ಬಂದು, ಇಟ್ಟಿಗೆ ಕಂಡು ಬೈದು, ಎರಡನೇ ಡೋಸು ಕೊಡೆಂದರು. ಕೊಡುವುದಿಲ್ಲವೆಂದೆ. ಅವರೇ ಕುಡಿಸಿದರು. ಅರ್ಧ ವಾಂತಿಯಾಯಿತು. ನೋಡಿದವರು ಸಿದ್ದಮ್ಮ ಮತ್ತು ನಾನು.

ಹನ್ನೆರಡು ಕಾಲಿಗೆ ಡ್ರೈವರ್ ನಸರುಲ್ಲಾ ಸಾಹೇಬರ ಲಾರಿ ಆಸ್ಪತ್ರೆ ಮುಂದಿನ ತೊಟ್ಟಿಯಲ್ಲಿ ನೀರು ತುಂಬಿಸಿಕೊಳ್ಳಲು ನಿಂತಿತು. ಚಿಕ್ಕಮಗಳೂರಿಗೆ ಹೊರಟಿತ್ತು, ಹಿಂದೆ ಬರೀ ಖಾಲಿ ಗೋಣಿ. ಓಡಿಹೋಗಿ, ಒಬ್ಬ ರೋಗಿ ಇದ್ದಾನೆಂದೆ. ಅವರು ಚೀಟಿ ಇದೆಯಾ ಎಂದು ಕೇಳಿದರು. ಇಲ್ಲವೆಂದು ಹೇಳಿ ದಾರಿ ಬಿಟ್ಟು ನಿಂತೆ. ಹನ್ನೆರಡು ಇಪ್ಪತ್ತೈದಕ್ಕೆ ಲಾರಿ ಹೋಯಿತು.

ಒಂದೂವರೆಗೆ ನಾಡಿ ನೂರನಲವತ್ತು, ದಾರದಂತೆ. ಕೆಂಚಯ್ಯನು ನನ್ನನ್ನು ಹತ್ತಿರ ಕರೆದು, ಮೇಸ್ತ್ರಿಗೆ ನಾಳೆ ಬರುತ್ತೇನೆಂದು ಹೇಳಿ, ಮರಗಸಿ ಪಟ್ಟಿಯಿಂದ ಹೆಸರು ತೆಗೆಯಬೇಡಿ ಎನ್ನಿ ಎಂದನು. ಹೇಳುತ್ತೇನೆಂದೆ. ಎರಡು ಹತ್ತಕ್ಕೆ ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಆಗ ಪರಮೇಶ್ವರಪ್ಪನವರು ಓಡಿಬಂದು, ಕೈ ಹಿಡಿದು, ಇನ್ನೊಂದು ಕೈ ಹಿಡಿದು, ಮಂಚದ ಮೇಲೆ ಕೂತುಬಿಟ್ಟರು. ಎರಡು ಮೂವತ್ತೈದಕ್ಕೆ ಕೆಂಚಯ್ಯನ ಪ್ರಾಣ ಹೋಯಿತು.

ಮೂರು ಗಂಟೆಗೆ ಅವರು ಹೊಸ ಟಿಕೆಟ್ ಕೊಟ್ಟು, ಮೈ ಕಾವು ನೂರನಾಲ್ಕು ಎಂದು ಬರೆದು ಹಳೆಯದನ್ನು ಒಲೆಗೆ ಹಾಕಲು ಹೇಳಿದರು. “ನಿನ್ ಕಾಲಿಗ್ ಬೀಳ್ತೀನಿ ತಂಗಮ್ಮ, ಇನ್ನು ಮೂರು ವರ್ಷ ಸರ್ವೀಸ್ ಇದೆ ನಂಗೆ” ಎಂದರು. ನಾನು ಬರೆಯಲಿಲ್ಲ. ಹಳೆಯ ಟಿಕೆಟ್ ಈ ಹೇಳಿಕೆಯ ಜೊತೆ ಇಟ್ಟಿದ್ದೇನೆ. ನಾಡಿ ಎಣಿಸಿದ ವೇಳೆಯೆಲ್ಲ ಅದರಲ್ಲಿದೆ. ಡಾಕ್ಟರು ಬಂದು ನೋಡುವವರೆಗೆ ಹೆಣ ಇಡಬೇಕೆಂದು ನಾನು ಹೇಳಿದರೂ, ಸೋಮವಾರ ಸಂಜೆ ಐದಕ್ಕೆ ಲೈನಿನ ಕೆಳಗಿನ ಹಾಡ್ಯದಲ್ಲಿ, ಎಂದರೆ ಕುರುಚಲು ಕಾಡಿನಲ್ಲಿ, ಹೂತರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಸಿದ್ದಮ್ಮ ನನ್ನ ಕೋಣೆಗೆ ಬಂದಳು. ನಾನು ವಿಷ ಹಾಕಿದೆನೆಂದು ಅವಳಿಗೆ ಹೇಳಲಾಗಿತ್ತು. ಎರಡನೇ ಡೋಸು ಕುಡಿಸಿದ್ದು ಯಾರೆಂದು ನಿನ್ನ ಕಣ್ಣಾರೆ ನೋಡಿದ್ದೀಯಲ್ಲವೇ ಎಂದೆ. ಅವಳು ನೆಲ ನೋಡುತ್ತ, “ನಾ ಏನೂ ನೋಡಿಲ್ಲ. ಕೊಂಬೆನೂ ಇಲ್ಲ, ಏನೂ ಇಲ್ಲ. ಲೈನ್ ಮನೆ ಖಾಲಿ ಮಾಡು ಅಂದ್ರೆ ಎಲ್ಲಿಗ್ ಹೋಗ್ಲಿ? ಮಣ್ಣು ಮಾಡಿದವ್ರನ್ನ ಮತ್ತೆ ಎಬ್ಬಿಸ್ಬ್ಯಾಡಿ” ಎಂದಳು. ದಾಸಯ್ಯನೂ ಏನೂ ಕಂಡಿಲ್ಲವೆಂದನು. ಇಬ್ಬರ ಮೇಲೂ ನನ್ನ ದೂರಿಲ್ಲ.

ಇಂದು ಬುಧವಾರ ಬೆಳಿಗ್ಗೆ ಏಳಕ್ಕೆ ನಾನು ಎಸ್ಟೇಟ್ ಮುಂದಿನ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ನಸರುಲ್ಲಾ ಸಾಹೇಬರು ಲಾರಿ ನಿಲ್ಲಿಸಿ ಹತ್ತಿಸಿಕೊಂಡರು. ದಾರಿಯಲ್ಲಿ ಅವರು, “ಸೋಮವಾರ ನೀವು ಕೈ ಹಿಡ್ದು ಹತ್ಸಿಬಿಟ್ಟಿದ್ರೆ ನಾನೇನು ಇಳಿಸ್ತಿದ್ನಾ ತಂಗಿ? ಚೀಟಿ ಅಂತ ಕೇಳಿದ್ದು ವಾಡಿಕೆಗೆ. ಈಗ ನಿಮ್ಮನ್ನ ಯಾವ ಚೀಟಿ ಮೇಲೆ ಕರ್ಕೊಂಡು ಹೋಗ್ತಿದೀನಿ?” ಎಂದರು. ಚಿಕ್ಕಮಗಳೂರು ಮುಟ್ಟಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಸೋಮವಾರ ಹೊರಟಿದ್ದರೆ ಒಂದು ಮೂವತ್ತೈದಕ್ಕೆ ಕೆಂಚಯ್ಯನು ಸರ್ಜನರ ಮೇಜಿನ ಬಳಿ ಇರುತ್ತಿದ್ದನು. ಬದುಕುತ್ತಿದ್ದನೆಂದು ನಾನು ಹೇಳಲಾರೆ. ಸಾಯುತ್ತಿದ್ದನೆಂದು ಹೇಳಿ ನೆಮ್ಮದಿ ಪಡಲೂ ಆರೆ.

ನನ್ನ ಕೋರಿಕೆ ಒಂದೇ. ಹೆಣವನ್ನು ಹೊರಗೆ ತೆಗೆಸಿ ಸರ್ಕಾರಿ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು. ಹೊಟ್ಟೆಯೊಳಗೆ ರಕ್ತ ತುಂಬಿರಬೇಕು, ಗುಲ್ಮ ಬಿರಿದಿರಬೇಕು. ಇಲ್ಲದಿದ್ದರೆ ನಾನು ಎಣಿಸಿದ್ದು, ಮುಟ್ಟಿದ್ದು, ಹೇಳಿದ್ದು ಎಲ್ಲ ತಪ್ಪು. ಪರಮೇಶ್ವರಪ್ಪನವರ ದೂರನ್ನೇ ನಿಜವೆಂದು ಹಿಡಿದು ನನ್ನ ಮೇಲೆ ಮೊಕದ್ದಮೆ ಹೂಡಬಹುದು.

ರಕ್ತ ಸಿಕ್ಕಿದರೆ ಇದನ್ನೂ ದಾಖಲು ಮಾಡಿಕೊಳ್ಳಬೇಕು. ಹನ್ನೊಂದು ನಲವತ್ತರಿಂದ ಎರಡು ಮೂವತ್ತೈದರವರೆಗೆ, ಎರಡು ಗಂಟೆ ಐವತ್ತೈದು ನಿಮಿಷ, ಈ ಮನುಷ್ಯ ಸಾಯುತ್ತಿದ್ದಾನೆಂದು ತಿಳಿದಿದ್ದವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ. ಕಾಂಪೌಂಡರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಎದುರಿಗೆ ಲಾರಿ ನಿಂತಿತ್ತು, ನಾನು ದಾರಿ ಬಿಟ್ಟೆ. ಈ ಸಾಲುಗಳು ನಿನಗೇ ಮುಳ್ಳಾಗುತ್ತವೆ, ಹೊಡೆದುಹಾಕಮ್ಮ ಎಂದು ಠಾಣೆಯ ದಫೇದಾರರು ಎರಡು ಸಲ ಹೇಳಿದರು. ಹೊಡೆದುಹಾಕಿಲ್ಲ.

ಇದನ್ನು ನನ್ನ ಕೈಯಲ್ಲೇ ಬರೆದು, ಒಮ್ಮೆ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಚಿಕ್ಕಮಗಳೂರು
ತಾರೀಖು: ೧೭ ಮೇ ೧೯೩೯, ಬೆಳಿಗ್ಗೆ ಹನ್ನೊಂದು ಗಂಟೆ
ರುಜು: ತಂಗಮ್ಮ