ಎರಡು ಕಿಲೊ ಜಾಕೆಟ್ಟು

ಸ್ಕೂಬಾ ಸಾಮಾನಿನ ಅಂಗಡಿಯಲ್ಲಿ ಈಜುಕನ್ನಡಕ ಕೊಳ್ಳಲು ಸಾಲಿನಲ್ಲಿ ನಿಂತು, ಎಂದಿನಂತೆ ಒಂದು ಪದ್ಯ ಗುನುಗುತ್ತಿದ್ದೆ. ನನ್ನ ಮುಂದೆ ನಡುವಯಸ್ಸಿನ ಗಂಡ ಹೆಂಡತಿ. ಸಮುದ್ರದಾಳಕ್ಕೆ ಇಳಿಯುವವರು ತೊಡುವ, ಗಾಳಿ ತುಂಬಿದರೆ ತೇಲಿಸುವ ಜಾಕೆಟನ್ನು ಆಕೆ ಹಾಕಿ ನೋಡುತ್ತಿದ್ದರು. ಆತ ಪಟ್ಟಿ ಬಿಗಿಯುತ್ತಿದ್ದರು.

"ಎಷ್ಟು ಹಗುರ ಇದೆ ರೀ. ಎರಡು ಕಿಲೊನೂ ಇರಲಾರದು."

"ಪ್ರಯಾಣಕ್ಕೆ ಅಂತಲೇ ಮಾಡಿರೋದು. ಮಡಚಿದ್ರೆ ಕೈಚೀಲದಲ್ಲಿ ಕೂರುತ್ತೆ."

"ನಿಮ್ಮದು ಐದು ಕಿಲೊ ಇತ್ತು."

"ಇತ್ತು."

"ಇಬ್ಬರದೂ ಹೊತ್ರೆ ವಿಮಾನದವರು ಬಿಡಲ್ಲ, ನೀನು ದಡದಲ್ಲೇ ಇರು ಅಂತಿದ್ರಿ."

"ಹನ್ನೊಂದು ವರ್ಷ ಅದನ್ನೇ ಅಂದೆ ಕಣೇ. ಜಾಕೆಟು ಅಲ್ಲೇ ಬಾಡಿಗೆಗೆ ಸಿಗ್ತಿತ್ತು. ನಂಗೆ ಗೊತ್ತಿತ್ತು."

"ನಂಗೂ ಗೊತ್ತಿತ್ತು."

ನನ್ನ ಪದ್ಯ ಅರ್ಧಕ್ಕೇ ನಿಂತಿತು.

"ಆಗ ಯಾಕೆ ಕೇಳ್ಲಿಲ್ಲ?"

"ನೀವೇ ಕರೀತೀರಿ ಅಂತ ಕಾದೆ. ಈಗ ನಾನು ಆಳಕ್ಕಿಳಿಯೋದು ಕಲ್ತೆ, ನಿಮ್ಮ ಕಿವಿ ಕೈಕೊಡ್ತು."

"ಡಾಕ್ಟರು ಬಕೆಟ್ಟಿಗೂ ತಲೆ ಹಾಕಬೇಡಿ ಅಂದಿದಾರೆ."

"ಸರಿ, ದಡ ಕಾಯೋ ಸರದಿ ಇನ್ನು ನಿಮ್ಮದು."

ಆತ ನಕ್ಕರು, ಆದರೆ ತಲೆ ಎತ್ತಲಿಲ್ಲ. ಜಾಕೆಟಿಗೆ ಗಾಳಿ ತುಂಬಿಸಿದರು.

"ಉಸಿರು ಪೂರ್ತಿ ಎಳ್ಕೊ. ಎದೆ ಹಿಡಿಯುತ್ತಾ?"

"ಹಿಡಿಯುತ್ತೆ."

"ಪಟ್ಟಿ ಸಡಿಲ ಮಾಡ್ಲಾ?"

"ಪಟ್ಟಿ ಸರಿಯಾಗಿದೆ ಬಿಡಿ."

ಗಾಳಿ ಬಿಟ್ಟು, ಆಕೆ ಬಿಚ್ಚಿಕೊಟ್ಟ ಜಾಕೆಟಿಗೆ ದುಡ್ಡು ಕೊಟ್ಟು, ಅದನ್ನು ಮಡಚಿ, ಆತ ಕೈಚೀಲದೊಳಗೆ ಇಟ್ಟರು. ಚೀಲದಲ್ಲಿ ಇನ್ನೊಂದು ಜಾಕೆಟು ಹಿಡಿಯುವಷ್ಟು ಜಾಗ ಉಳಿದಿತ್ತು. ಇಬ್ಬರೂ ಅದನ್ನು ನೋಡಿದರು. ಆಕೆ ಜಿಪ್ಪೆಳೆದರು, ಆತ ಚೀಲ ಎತ್ತಿಕೊಂಡರು, ಹೊರಟರು.