ಮಂತ್ರಿ ಸಾಹೇಬ್ರ ಎಡಗಡೆ ಬಾಕು

ಅಲ್ಲಲ್ಲ, ಅವರೇನು ಹುಟ್ಟಾ ಮಂತ್ರಿ ಅಲ್ಲ, ಮೊದಲು ತೋಪು ಹಾರಸಾವ್ರು. ತೋಪು ಅಂದ್ರ ಹಳೇ ಕೋಟಿ ಮ್ಯಾಲೆ ತುಕ್ಕು ಹಿಡದು ಬಿದ್ದಿರತಾವಲ್ಲ, ಅವಲ್ಲ ಮತ್ತ. ಮಿಲಿಟರಿಯವು, ಗಾಲಿ ಇರತಾವು, ಟ್ರಕ್ಕಿಗೆ ಕಟ್ಟಿ ಎಳಕೊಂಡು ಹೋಗತಾರ. ನಾನೇನು ನೋಡಿಲ್ಲ, ನಿಮ್ಮಜ್ಜ ಹೇಳತಿದ್ರು. ನಿಮ್ಮಜ್ಜ ಅವರ ಕೈಕೆಳಗ ತೋಪಿಗೆ ಗುಂಡು ತುಂಬಾವ್ರು. ಆ ಸಾಹೇಬ್ರು ನಮ್ಮ ಹಳಿಯಾಳ ಕಡೆಯವರು, ಒಕ್ಕಲತನದ ಮನಿ ಮಗ, ಧಾರವಾಡದಾಗ ಕಲತು ಮಿಲಿಟರಿ ಸೇರಿ ಕ್ಯಾಪ್ಟನ್ ಆಗಿ ಮೇಜರ್ ಆದರು. ಲಡಾಯಿ ಮುಗದ ಮ್ಯಾಲೆ ನೌಕರಿ ಬಿಟ್ಟು ಬಂದು ಇಲೆಕ್ಷನ್ನಿಗೆ ನಿಂತರು, ಸೋತರು. ಇಲ್ಲ, ತಡೀರಿ, ಮೊದಲು ನಿಂತಿದ್ದು ತಾಲೂಕಾ ಬೋರ್ಡಿಗೆ, ಅದರಾಗ ಗೆದ್ದಿದ್ರು, ಸೋತಿದ್ದು ಎರಡನೇ ಸಲ. ಮೂರನೇ ಸಲ ಗೆದ್ದು ಮಂತ್ರಿ ಆದರು. ದೊಡ್ಡ ಮಂತ್ರಿ ಅಲ್ಲ, ಸಣ್ಣ ಮಂತ್ರಿ, ಆದರೂ ಕಾರಿಗೆ ಬಾವುಟ ಇತ್ತು. ಭಾಷಣಕ್ಕ ಮೈಕ್ ಬೇಕಾಗತಿರಲಿಲ್ಲ. "ಮಿಲಿಟರಿ ಗಂಟಲು ನೋಡ್ರಿ" ಅಂತ ಜನ ಹೊಗಳತಿದ್ರು. ಅದು ಗಂಟಲಿನ ವಿಷಯ ಅಲ್ಲ, ಕಿವೀದು, ಆದರ ಅದು ಅವಾಗ ಯಾರಿಗೂ ಗೊತ್ತಿರಲಿಲ್ಲ.

ಈಗ ನಮ್ಮ ತ್ರಾಸು ಏನಿತ್ತು ಹೇಳತೇನಿ, ಇಲ್ಲಾಂದ್ರ ನಿಮಗ ಮುಂದಿಂದು ತಿಳಿಯೂದಿಲ್ಲ. ಸೂಪಾದಾಗ ಕಾಳಿ ಹೊಳಿಗೆ ಡ್ಯಾಮ್ ಕಟ್ಟಲಿಕ್ಕೆ ಹತ್ತಿದ್ರು. ನಿಮ್ಮಜ್ಜನ ಊರು ಹೊಳಿ ದಂಡಿ ಮ್ಯಾಲೆ, ಅಂದ್ರ ಮುಳಗೋ ಊರು. ಮುಳಗಾವ್ರಿಗೆ ಬ್ಯಾರೆ ಕಡೆ ಜಮೀನು ಕೊಡತೇವಿ ಅಂತ ಮನಿಮನಿಗೆ ಬಂದು ಹೆಸರು ಬರಕೊಂಡು ಹೋಗಿದ್ರು. ಆವಾಗ ನಿಮ್ಮಜ್ಜ ಮಿಲಿಟರಿಯಾಗ, ನಾನು ಬಾಣಂತನಕ್ಕ ಹಳಿಯಾಳದ ತವರಮನಿಯಾಗ. ಮನಿಗೆ ಕೀಲಿ ಹಾಕಿತ್ತು. ಕೀಲಿ ಹಾಕಿದ ಮನಿ ಅಂದ್ರ ಯಾರೂ ಇಲ್ಲದ ಮನಿ ಅಂತ ಬರದುಬಿಟ್ರು. ಹಿಂಗಾಗಿ ನಿಮ್ಮಪ್ಪ ಹುಟ್ಟಿದ, ನಮ್ಮ ಹೆಸರು ಹೋತು. ನಿಮ್ಮಜ್ಜ ವಾಪಸ್ ಬಂದು ಅರ್ಜಿ ಮ್ಯಾಲೆ ಅರ್ಜಿ ಕೊಟ್ರು, ಉತ್ತರ ಇಲ್ಲ. ಡ್ಯಾಮಿನ ಕೂಲಿಗೂ ಅವರನ್ನ ತಗೊಳ್ಳಲಿಲ್ಲ. ಯಾಕಂದ್ರ ಅಲ್ಲಿ ಮದ್ದು ಇಟ್ಟು ಕಲ್ಲು ಸಿಡಸೂಕಿಂತ ಮೊದಲು ಸೀಟಿ ಊದತಾರ, ಎಲ್ಲಾರೂ ದೂರ ಓಡಬೇಕು. ಸೀಟಿ ಕೇಳದಾವ ಅಲ್ಲೇ ನಿಂತಿರತಾನ ಪಾಪ. ತೋಪಿನ ಬಾಜೂಕ ನಿಂತು ನಿಂತು ನಿಮ್ಮಜ್ಜನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳದಿತ್ತು. "ನಿಮ್ಮ ಸಾಹೇಬ್ರ ಮಂತ್ರಿ ಆಗ್ಯಾರಲ್ಲ, ಹೋಗಿ ಹೇಳ್ರಿ" ಅಂದೆ. "ಒಲ್ಲೆ" ಅಂದ್ರು. "ಯಾಕ?" "ಅವರು ಮಾತಾಡಸತಾರ, ನನಗ ಕೇಳಿಸೂದಿಲ್ಲ. ಗನ್ನರ್ ತುಕಾರಾಮ ಕಿವುಡ ಆದ ಅಂತ ಸಾಹೇಬ್ರಿಗೆ ಗೊತ್ತಾಗೂದು ಬ್ಯಾಡ." "ಅಯ್ಯ, ಕಿವಿ ಹೋಗಿದ್ದು ಅವರ ತೋಪಿಂದನ ಅಲ್ಲೇನು?" "ನಿನಗ ತಿಳಿಯೂದಿಲ್ಲ, ಸುಮ್ನಿರು." ನಾನೇನೋ ಸುಮ್ನಿರತೇನಿ, ನೀರು ಸುಮ್ನಿರತೈತೇನು?

ನಾನು ಆವಾಗ ಗಣೇಶಗುಡಿ ಬಂಗಲೇದಾಗ ಅಡಗಿ ಮಾಡತಿದ್ದೆ. ದೊಡ್ಡ ಸಾಹೇಬ್ರು ಬಂದ್ರ ಇಳಕೊಳ್ಳೂ ಬಂಗಲೆ ಅದು. ಒಂದಿನ ಮಂತ್ರಿ ಸಾಹೇಬ್ರು ಬಂದರು, ಜನರ ಅಹವಾಲು ಕೇಳಲಿಕ್ಕೆ. ಪಡಸಾಲ್ಯಾಗ ಮೇಜು ಹಾಕಿ ಕುಂತರು. ಬಲಗಡೆ ಆಫೀಸರ್‌ಗಳು ಫೈಲ್ ಹಿಡಕೊಂಡು, ಎಡಗಡೆ ಒಂದು ಬಾಕು, ಅಂದ್ರ ಕಟಗಿ ಬೆಂಚು, ಅದರ ಮ್ಯಾಲೆ ಜನ ಒಬ್ಬೊಬ್ರ ಬಂದು ಕುಂತು ಹೇಳೂದು. ನಾನು ಚಹಾ ಕೊಡತಾ ನೋಡತೇನಿ, ಯಾರು ಏನ ಹೇಳಿದ್ರೂ ಸಾಹೇಬ್ರದು ಒಂದ ಮಾತು, "ಹೂಂ, ಹೂಂ, ನೋಡೂಣು." ಬಾಜೂ ಊರಿನ ಒಬ್ಬ ಮುದುಕ ಬಂದು ಕುಂತ. "ಸಾಹೇಬ್ರ, ಊರು ಬಿಡಬೇಕಂತ ಹಾಸಿಗಿ ಹಿಡದ ನನ್ನ ಹೆಂಡತಿ ಮೊನ್ನೆ ತೀರಕೊಂಡ್ಳ್ರಿ" ಅಂದ. ಸಾಹೇಬ್ರು ನಕ್ಕೋತ "ಭಾಳ ಚಲೋ ಆತು" ಅಂದ್ರು! ಮುದುಕ ಅವರ ಮಾರಿ ನೋಡಿದ, ಟೊಪ್ಪಿಗಿ ತಗೊಂಡ, ಎದ್ದು ಹೋದ. ಹಿಂದ ನಿಂತಾವ್ರು "ಖುರ್ಚಿ ಸಿಕ್ಕ ಮ್ಯಾಲೆ ಮನಷ್ಯಾನ ಅಲ್ಲ ಬಿಡು ಇಂವ" ಅಂದ್ರು. ನನಗ ಮಾತ್ರ ಇದೇನಂತ ಗೊತ್ತಾತು. ಯಾಕಂದ್ರ ನಮ್ಮ ಮನಿಯಾಗ ದಿನಾ ಇದ ನಡೀತಿತ್ತು. ಕೇಳಿಸದಿದ್ರ ನಿಮ್ಮಜ್ಜನೂ ಹಿಂಗ ನಗತಿದ್ರು, ಹಿಂಗ ಹೂಂ ಅಂತಿದ್ರು.

ಮಧ್ಯಾಹ್ನ ಊಟಕ್ಕ ಕುಂತಾಗ ಬೇಕಂತ ಎಡಗಡೆಯಿಂದ ಹೋಗಿ "ಸಾಹೇಬ್ರ, ಸಾರಿನ್ಯಾಗ ಹಲ್ಲಿ ಬಿದ್ದೈತ್ರಿ" ಅಂದೆ. ಬಿದ್ದಿರಲಿಲ್ಲ ಮತ್ತ, ಸುಮ್ನ ಅಂದೆ. "ಹೂಂ, ನೋಡೂಣು" ಅಂದ್ರು. ಸುತ್ತ ಹಾಕಿ ಬಲಗಡೆ ಬಂದೆ. "ಸಾಹೇಬ್ರ, ನಿಮ್ಮ ಎಡಗಿವಿ ಕೇಳಿಸೂದಿಲ್ಲ." ಕೈಯಾಗಿನ ತುತ್ತು ಕೆಳಗಿಟ್ರು. "ಯಾರು ಹೇಳಿದ್ರು ನಿನಗ?" ಆ ದನಿಗೆ ಹೊರಗಿದ್ದ ಆಫೀಸರ್‌ಗಳೆಲ್ಲ ಓಡಿ ಬಂದ್ರು. ಇದ್ದದ್ದೊಂದು ನೌಕರಿ ಅದು, ಆದರೂ ಅಂದೆ, "ಯಾರೂ ಹೇಳಿಲ್ರಿ. ನಮ್ಮ ಮನಿಯಾಗೂ ಹಿಂತಾದ್ದೊಂದು ಕಿವಿ ಐತ್ರಿ. ನಿಮ್ಮ ತೋಪಿಂದನ ಹೋಗಿದ್ದು. ಗನ್ನರ್ ತುಕಾರಾಮ." ಸಾಹೇಬ್ರು ಆಫೀಸರ್‌ಗಳಿಗೆ ಹೊರಗ ಹೋಗಂತ ಕೈ ಮಾಡಿದ್ರು. "ತುಕಾರಾಮ ಇಲ್ಲೇ ಅದಾನ? ಮತ್ತ ಯಾಕ ಬರಲಿಲ್ಲ?" "ನಾಚಿಕಿ ರೀ. ಕಿವುಡ ಆಗಿದ್ದು ನಿಮಗ ಗೊತ್ತಾಗಬಾರದಂತ." ಅವರು ತಾಟು ಬಾಜೂಕ ಸರಿಸಿದ್ರು. "ಮುಂಜಾನೆ ಆ ಮುದುಕ ಏನಂದ?" "ಹೆಂಡತಿ ತೀರಕೊಂಡ್ಳು ಅಂದ್ರಿ." "ನಾನು?" ಹೇಳಬೇಕೋ ಬ್ಯಾಡೋ ಅನಸ್ತು. ಹೇಳಿದೆ. ಅನ್ನ ಅಲ್ಲೇ ಬಿಟ್ಟು ಎದ್ದರು.

ಹೊರಗ ಬಂದು ತಾವ ಆ ಬಾಕು ಎತ್ತಿ ಬಲಗಡೆ ಇಟ್ರು. ಆಫೀಸರ್‌ಗಳಿಗೆ ಎಡಗಡೆ ಹೋಗ್ರಿ ಅಂದ್ರು. ಆಮ್ಯಾಲೆ ಜನರಿಗೆ, "ನನ್ನ ಎಡಗಿವಿ ಕೇಳಿಸೂದಿಲ್ಲ. ಮುಂಜಾನೆ ನೀವು ಹೇಳಿದ್ದು ನನಗೇನೂ ಕೇಳಿಸಿಲ್ಲ. ಮತ್ತ ಹೇಳ್ರಿ" ಅಂದ್ರು. ಯಾವನೋ ಹಿಂದಿಂದ, "ಬಲಗಿವಿ ಆದರೂ ಖಾಯಂ ಐತೇನ್ರಿ, ಇಲೆಕ್ಷನ್ ತನಕ ಅಷ್ಟನೋ?" ಅಂದ. ಎಲ್ಲಾರೂ ನಕ್ರು, ಅವರೂ ನಕ್ರು. ಅವತ್ತು ನಾನೂ ಆ ಬಾಕಿನ ಮ್ಯಾಲೆ ಕುಂತು ಕೀಲಿ ಹಾಕಿದ ಮನಿ ವಿಷಯ ಹೇಳಿದೆ, ನಮ್ಮ ಹೆಸರು ಬರದ್ರು. ಅದ ಜಮೀನು ಇದು, ನೀವು ಕುಂತದ್ದು, ಬರೇ ಕಲ್ಲಿತ್ತು, ಆರಿಸಿ ಆರಿಸಿ ಕೈ ಹೋದುವು, ಆದರೂ ನಮ್ಮದು. ಆ ಮುದುಕನ ಹಂತ್ಯಾಕ ಜೀಪ್ ಕಳಸಿದ್ರು. ಅಂವ ಬರಲಿಲ್ಲ. "ನಾನು ಹೇಳೂದು ಹೇಳೇನಿ" ಅಂದನಂತ.

ಮುಂದಿನ ಇಲೆಕ್ಷನ್‌ದಾಗ ಎದುರಿನವರು ಗ್ವಾಡಿ ಗ್ವಾಡಿಗೆ "ಕಿವುಡ ಮಂತ್ರಿ" ಅಂತ ಬರದ್ರು, ಸಾಹೇಬ್ರು ಸೋತರು. ಅಂದ್ರ ಮುಚ್ಚಿಟ್ಟಿದ್ದಕ್ಕೂ ಕಾರಣ ಇತ್ತು, ಸುಳ್ಳ ಯಾಕ ಹೇಳಲಿ. ಸೋತ ಮ್ಯಾಲೆ ಒಮ್ಮೆ ಇಲ್ಲಿಗೆ ಬಂದಿದ್ರು. ನಿಮ್ಮಜ್ಜಗೂ ಬಲಗಡೆ ಮಂದಿ ಬೇಕು, ಅವರಿಗೂ ಬಲಗಡೆ ಮಂದಿ ಬೇಕು, ಕಟ್ಟಿ ಮ್ಯಾಲೆ ಬಾಜೂಬಾಜೂಕ ಹೆಂಗ ಕುಂದ್ರತಾರ? ಕಡೀಕ ಎದುರಬದುರು ಕುಂತು ಸಂಜೀತನಾ ಒದರಾಡಿದ್ರು. ಅದಕ್ಕ ಹೇಳತೇನಿ, ಕೇಳಿಸಲಿಲ್ಲ ಅಂದ್ರ ಕೇಳಿಸಲಿಲ್ಲ ಅನ್ರಿ. ಸುಳ್ಳ ಹೂಂ ಅನಬ್ಯಾಡ್ರಿ. ಎದುರಿಗಿದ್ದಾವ ಅದನ್ನ ಖರೇ ಅಂತ ತಿಳಕೊಂಡು ಮನಿಗೆ ಹೋಗಿರತಾನ.