ಆಗಸ್ಟ್ ಆದ ಮೇಲೆ ಯಾವ ತಿಂಗಳು?

ಬಾಗಿಲ ಹತ್ತಿರದ ಮೇಜಿನವರೇ, ಫೋರ್ಕು ಕೆಳಗಿಡಿ. ನಿಮಗೇ ಹೇಳುತ್ತಿರುವುದು. ಆ ಮಾಂಸದ ಪೈ ಎಲ್ಲಿಗೂ ಓಡಿಹೋಗುವುದಿಲ್ಲ, ಅದರೊಳಗಿನ ಹಸು ಸತ್ತು ಬಹಳ ದಿನವಾಗಿದೆ. ನಲವತ್ತಮೂರು ವರ್ಷ ನಿಮ್ಮ ಮಕ್ಕಳ ಕೆಸರು, ಬೆವರು, ರಕ್ತ ಒಗೆದವಳು ಮಾತಾಡಲು ನಿಂತರೆ ಹತ್ತು ನಿಮಿಷ ಅಗಿಯದೆ ಇರಲು ಆಗುವುದಿಲ್ಲವೇ? ಈ ಭಾಷಣವನ್ನು ಕ್ಲಬ್ಬಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರಂತೆ. ಅಲ್ಲಿ ಓದುತ್ತಿರುವವರಿಗೂ ಅದೇ ಮಾತು. ಸೋಫಾದ ಮೇಲಿಂದ ಕಾಲು ಇಳಿಸಿ, ನೆಟ್ಟಗೆ ಕೂತು ಓದಿ. ನಿಮ್ಮನ್ನು ಬಿಟ್ಟು ಯಾರನ್ನೋ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ.

ಸರಿ. ನಮ್ಮ ಹ್ಯಾಗ್‌ಥಾರ್ಪ್ ರಗ್ಬಿ ಲೀಗ್ ಕ್ಲಬ್ಬಿನ ಅಧ್ಯಕ್ಷರಾದ ಶ್ರೀ ಕ್ಲೆಗ್ ಅವರೇ, ತಂಡದ ಕೋಚ್ ಗ್ಯಾರಿಯವರೇ, ಡಾಕ್ಟರ್ ಸ್ಪಿಂಕ್ ಅವರೇ, ಮಂಡಿ ಸವೆದ ಹಳೆಯ ಆಟಗಾರರೇ, ಈ ಭಾನುವಾರ ಸೆಮಿಫೈನಲ್ ಆಡಲಿರುವ ಹುಡುಗರೇ, ಅವರನ್ನು ಕಟ್ಟಿಕೊಂಡ ಹೆಣ್ಣುಮಕ್ಕಳೇ, ಮತ್ತು ಬರೀ ಪೈಗೋಸ್ಕರ ಬಂದಿರುವ ಸಭಿಕರೇ.

ನನಗೆ ಈ ಸಂಜೆ ಗಾಜಿನ ಚೌಕಟ್ಟಿನಲ್ಲಿ ಕೂರಿಸಿದ ಜೆರ್ಸಿಯೊಂದನ್ನು ಕೊಟ್ಟು ಗೌರವಿಸಿದ್ದೀರಿ. ಸಂತೋಷ. ಆದರೆ ಅದರ ಎಡತೋಳಿನ ಮೇಲೆ ಹುಲ್ಲಿನ ಕಲೆ ಹಾಗೇ ಇದೆ. ಒಗೆಯದೆ ಚೌಕಟ್ಟು ಹಾಕಿಸಿದವರು ಯಾರು ಎಂದು ಬರುವಾಗಲೇ ಕೇಳಿದೆ. ಕ್ಲೆಗ್ ಅವರು ಅಂಗಡಿಯವನು ಎಂದರು. ಅಂಗಡಿಯವನು ಇಲ್ಲೇ ಆರನೇ ಮೇಜಿನಲ್ಲಿದ್ದಾನೆ, ಅವನನ್ನು ಕೇಳಿದರೆ ಕ್ಲಬ್ಬಿನವರು ಕೊಟ್ಟ ಹಾಗೆ ಹಾಕಿದೆ ಎಂದ. ಹೋಗಲಿ, ಕಲೆ ತಾನೇ.

ಕ್ಲೆಗ್ ಅವರು ನನ್ನನ್ನು ಹೊಗಳುವ ಮೊದಲು ಒಂದು ಮಾತು ಹೇಳಿದರು, "ಆಟಗಾರರ ಸುರಕ್ಷತೆ ನಮ್ಮೆಲ್ಲರ ಹೊಣೆ" ಎಂದು. ನೀವು ಚಪ್ಪಾಳೆ ಹೊಡೆದಿರಿ. ನಾನೂ ಹೊಡೆದೆ. ಹೊಡೆಯುತ್ತಾ ಹೊಡೆಯುತ್ತಾ ನನ್ನ ಕೈ ತಾನಾಗಿಯೇ ನಿಂತಿತು. ನಮ್ಮೆಲ್ಲರ ಎಂದರೆ ಯಾರ? ನಾನು ಓದಿದವಳಲ್ಲ. ಮೇಲಿನ ಬಯಲಿನ ಹಳ್ಳಿಯ ಒಂದೇ ಕೋಣೆಯ ಶಾಲೆ, ಹದಿನೈದಕ್ಕೆ ಅದನ್ನು ಬಿಟ್ಟು ಉಣ್ಣೆ ಗಿರಣಿಗೆ ಸೇರಿದೆ. ಅಲ್ಲಿ ಪ್ರತಿ ಯಂತ್ರದ ಪಕ್ಕ ಒಂದು ಹಲಗೆ, ಹಲಗೆಯ ಮೇಲೆ ಒಂದು ಹೆಸರು. ಯಾರದಾದರೂ ಬೆರಳು ಹೋದರೆ ಮೊದಲು ಯಾರನ್ನು ಬೈಯಬೇಕು ಎಂದು ನಮಗೆಲ್ಲ ಗೊತ್ತಿರುತ್ತಿತ್ತು. "ನಮ್ಮೆಲ್ಲರ" ಎಂದು ಬರೆದ ಹಲಗೆಯನ್ನು ನಾನು ನೋಡಿದ್ದಿಲ್ಲ.

ಇರಲಿ, ಈ ಊಟದಲ್ಲಿ ವಿಲ್ಫ್‌ನ ಕಥೆ ಹೇಳಲೇಬೇಕಲ್ಲ. ಪ್ರತಿ ವರ್ಷ ಯಾರಾದರೂ ಹೇಳುತ್ತೀರಿ. ಈ ಸಲ ಅವನ ಹೆಂಡತಿಯೇ ಹೇಳುತ್ತಾಳೆ.

ನಮಗೆ ಮದುವೆಯಾಗಿ ಆರು ವರ್ಷವಾಗಿತ್ತು. ಇದೇ ಮೈದಾನ, ಮಂಜು ಬಿದ್ದ ಮಧ್ಯಾಹ್ನ. ವಿಲ್ಫ್ ತಲೆಗೆ ಎದುರಾಳಿಯ ಮಂಡಿ ಬಡಿಯಿತು. ಬಿದ್ದ. ಆಗ ಡಾಕ್ಟರ್ ಇರಲಿಲ್ಲ, ನೀರಿನ ಬಕೆಟ್ಟಿನವನು ಓಡಿಹೋಗಿ ಕುತ್ತಿಗೆಗೆ ತಣ್ಣೀರು ಸುರಿದ, ಎದ್ದ. ಚೆಂಡು ಕೈಗೆ ಬಂದದ್ದೇ ತಡ, ಗೂಳಿಯ ಹಾಗೆ ಓಟಕಿತ್ತ, ಯಾವ ಕಡೆಗೆ? ನಮ್ಮದೇ ಗೋಲಿನ ಕಡೆಗೆ! ಅಡ್ಡ ಬಂದ ನಮ್ಮವರೇ ಇಬ್ಬರನ್ನು ಕೆಡವಿ, ನಮ್ಮದೇ ಕಂಬಗಳ ಕೆಳಗೆ ಚೆಂಡು ಊರಿ, ಎರಡೂ ಕೈ ಮೇಲೆತ್ತಿ ಜನರತ್ತ ನೋಡಿ ನಕ್ಕ. ಆಮೇಲೆ ಇನ್ನೂ ಅರ್ಧ ಗಂಟೆ ಆಡಿದ. ಸಂಜೆ ಮನೆಗೆ ಬರಲಿಲ್ಲ, ನೇರ ಅವರಮ್ಮನ ಮನೆಗೆ ಹೋಗಿ ರಾತ್ರಿಯೂಟಕ್ಕೆ ಏನು ಎಂದು ಕೇಳಿದನಂತೆ. ಅತ್ತೆ ಅವನ ಕಿವಿ ಹಿಡಿದು ನಮ್ಮ ಮನೆಗೆ ತಂದುಬಿಟ್ಟರು. "ತಗೋ ಎನಿಡ್, ನಿನ್ನ ಗಂಡ ನನ್ನ ಹತ್ತಿರ ವಾಪಸ್ ಬಂದಿದ್ದ" ಎಂದರು.

ನಗಿ, ನಗಿ. ಅವತ್ತು ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಈ ಸಭೆಯಲ್ಲೂ ಮೂವತ್ತು ನಲವತ್ತು ವರ್ಷ ನಕ್ಕಿದ್ದೇನೆ. ವಿಲ್ಫ್ ಕೂಡ ನಗುತ್ತಿದ್ದ. ಅವನಿಗೆ ಅದರಲ್ಲಿ ಒಂದೂ ನೆನಪಿರಲಿಲ್ಲ, ನಾವು ಹೇಳಿದ್ದನ್ನು ಕೇಳಿಸಿಕೊಂಡು ನಗುತ್ತಿದ್ದ.

ಐವತ್ತೆಂಟಕ್ಕೆ ಅವನು ಬೂಟುಗಳನ್ನು ಒಲೆಯೊಳಗೆ ಇಡತೊಡಗಿದ. ಅರವತ್ತಕ್ಕೆ ಮಗಳ ಹೆಸರು ಹೋಯಿತು. ಕೊನೆಕೊನೆಗೆ ದಿನಾ ಚಹಾದ ಹೊತ್ತಿಗೆ ಒಂದೇ ಪ್ರಶ್ನೆ, "ಗೆದ್ವೇನೇ?" ಗೆದ್ರಿ ಎನ್ನುತ್ತಿದ್ದೆ. "ಎಷ್ಟಕ್ಕೆ?" ದಿನಕ್ಕೊಂದು ಲೆಕ್ಕ ಕಟ್ಟಿ ಹೇಳುತ್ತಿದ್ದೆ. ತೀರಾ ದೊಡ್ಡ ಅಂತರ ಹೇಳಿದರೆ ಮಾತ್ರ, "ಸುಳ್ಳಿ, ಆ ರೆಫರಿ ಅಷ್ಟು ಬಿಡ್ತಾನೇನೇ?" ಎನ್ನುತ್ತಿದ್ದ. ತಲೆಗೆ ಬಿದ್ದ ಪೆಟ್ಟುಗಳಿಂದ ಹೀಗಾಗಿದೆ ಎಂದು ದೊಡ್ಡ ಆಸ್ಪತ್ರೆಯವರು ಹೇಳಿದರು. ಯಾರಿಂದ ಆಯಿತು ಎಂದು ನಾನು ಕೇಳಲಿಲ್ಲ. ಬಕೆಟ್ಟಿನವನು ಅಷ್ಟರಲ್ಲಿ ಸತ್ತಿದ್ದ.

ಯಾಕೆ ಇದನ್ನೆಲ್ಲ ಹೇಳಿದೆ? ಹಾಂ, ನಾನು ಹೇಳಬೇಕಾಗಿದ್ದದ್ದು ಬಟ್ಟೆ ಒಗೆಯುವುದರ ಬಗ್ಗೆ. ಕ್ಲಬ್ಬಿನವರೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ನೋಡಿ, ಇಲ್ಲೇ ಇದೆ. ಓದುತ್ತೇನೆ ಎಂದು ಮೂರನೇ ಮೇಜಿನಲ್ಲಿ ಕೂತ ನನ್ನ ಮೊಮ್ಮಗನಿಗೂ ಮಾತು ಕೊಟ್ಟು ಬಂದಿದ್ದೇನೆ. ರೀಸ್, ಮೇಜಿನ ಬಟ್ಟೆಯಲ್ಲಿ ಏನೂ ಬರೆದಿಲ್ಲ ಮಗಾ, ತಲೆ ಎತ್ತು.

ಈಗ ಕಾಲ ಬದಲಾಗಿದೆ, ಒಪ್ಪುತ್ತೇನೆ. ಬಕೆಟ್ಟು ಹೋಗಿದೆ, ಪರೀಕ್ಷೆ ಬಂದಿದೆ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಒಳಗೆ ಕರೆದೊಯ್ದು ಡಾಕ್ಟರ್ ಕಾಲು ಗಂಟೆ ನೋಡುತ್ತಾರೆ. ಕೆಲವು ಪದ ಹೇಳಿ, ನೆನಪಿಟ್ಟುಕೊಂಡು ತಿರುಗಿ ಹೇಳು ಎನ್ನುತ್ತಾರೆ. ಒಂಟಿ ಕಾಲ ಮೇಲೆ ನಿಲ್ಲಿಸುತ್ತಾರೆ. ಡಿಸೆಂಬರ್‌ನಿಂದ ಜನವರಿಗೆ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಹೇಳಿದರೆ ಮೈದಾನಕ್ಕೆ, ತಡವರಿಸಿದರೆ ಬೆಂಚಿಗೆ. ಎಷ್ಟು ಚೆಂದದ ಏರ್ಪಾಡು!

ಈ ಏರ್ಪಾಡು ಬಂದ ವರ್ಷ ರೀಸ್ ನನ್ನ ಅಡುಗೆಮನೆಗೆ ಬಂದು, "ಅಜ್ಜಿ, ಪರೀಕ್ಷೆ ಇದೆ, ಓದಿಸು" ಎಂದ. ನೀವೇ ಹೇಳಿ, ಮೊಮ್ಮಗ ಪರೀಕ್ಷೆ ಎಂದರೆ ಯಾವ ಅಜ್ಜಿ ಓದಿಸುವುದಿಲ್ಲ? ನನಗೆ ಶಾಲೆಯಲ್ಲಿ ಯಾರೂ ಓದಿಸಲಿಲ್ಲ, ಅದಕ್ಕೇ ಗಿರಣಿಗೆ ಹೋದೆ. ಇವನನ್ನು ಬಿಡುತ್ತೇನೆಯೇ? ಡಾಕ್ಟರ್ ಹತ್ತಿರ ಇರುವ ಪದಗಳ ಪಟ್ಟಿ ನಾಲ್ಕೋ ಐದೋ, ಹುಡುಗರು ಒಬ್ಬೊಬ್ಬರು ನೆನಪಿಟ್ಟದ್ದನ್ನು ಸೇರಿಸಿ ಬರೆದುಕೊಂಡು ಬಂದರು. ಚಮಚ, ಏಣಿ, ಬೆಣ್ಣೆ, ಮೋಡ, ಗಡಿಯಾರ. ನಾನು ಇಸ್ತ್ರಿ ಹಾಕುತ್ತಾ ಹೇಳಿಸಿದೆ. ಮೊದಲು ರೀಸ್ ಒಬ್ಬ, ಆಮೇಲೆ ಮೂವರು, ಆಮೇಲೆ ಅರ್ಧ ತಂಡ. ಒಬ್ಬೊಬ್ಬನೂ ಬೀರುವಿನಷ್ಟು ಅಗಲ. ನನ್ನ ಒಗೆಯುವ ಯಂತ್ರದ ಸುತ್ತ ಕೊಕ್ಕರೆಗಳ ಹಾಗೆ ಒಂಟಿಗಾಲಲ್ಲಿ ನಿಂತು ಡಿಸೆಂಬರ್, ನವೆಂಬರ್, ಅಕ್ಟೋಬರ್ ಎಂದು ಹಾಡುತ್ತಿದ್ದರು. ತಪ್ಪಿದವನಿಗೆ ಪುಡಿಂಗ್ ಇಲ್ಲ. ಒಂದು ತಿಂಗಳಲ್ಲಿ ನಿದ್ದೆಯಲ್ಲಿ ಕೇಳಿದರೂ ಹೇಳುವ ಹಾಗಾದರು.

ಗ್ಯಾರಿ, ಹಾಗೆ ನೋಡಬೇಡಪ್ಪ. ನಿನಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತೇನೆ. ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಎರಡು ಪುಡಿಂಗ್ ತಿಂದು ಹೋದವನು ಯಾರೋ ನಿನ್ನ ಹಾಗೇ ಇದ್ದ ಬೇರೆಯವನಿರಬೇಕು.

ಹೋದ ಭಾನುವಾರ ರೀಸ್ ಒಬ್ಬನನ್ನು ಅಡ್ಡಹಾಕಲು ಹೋಗಿ ತಲೆ ಕೊಟ್ಟ. ಬಿದ್ದವನು ಏಳಲಿಲ್ಲ. ಸೆಮಿಫೈನಲ್‌ಗೆ ಹೋಗುವ ಪಂದ್ಯ, ಇಪ್ಪತ್ತೈದೇ ನಿಮಿಷ ಉಳಿದಿತ್ತು. ನನ್ನ ಬೆನ್ನ ಹಿಂದಿನಿಂದ ಯಾರೋ ಹೆಂಗಸು ಕಿರುಚಿದಳು, "ಏಳೋ! ಮಲ್ಗೋಕ್ ಬಂದಿದೀಯೇನೋ?" ಯಾರು ಈ ಗಯ್ಯಾಳಿ ಎಂದು ತಿರುಗಿ ನೋಡಿದೆ. ಹಿಂದೆ ಗೋಡೆ. ನಾನು ಕೂರುವುದು ಕೊನೆಯ ಸಾಲಿನಲ್ಲಿ. ಬಾಯಿ ತೆರೆದಿದ್ದದ್ದು ನನ್ನದೇ.

ಎದ್ದ. ಒಳಗೆ ಹೋದ. ಪಾಸಾಗಿ ಹೊರಗೆ ಬಂದ. ಗೆದ್ದರು. ಡಾಕ್ಟರ್ ಸ್ಪಿಂಕ್, ನಿಮ್ಮ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಹೇಳಿದನಂತೆ ಅಲ್ಲವೇ?

ಮಂಗಳವಾರ ಚಹಾಕ್ಕೆ ಬಂದ. ಚಹಾಕ್ಕೆ ಉಪ್ಪು ಹಾಕಿಕೊಂಡ. ಯೋಚನೆಯಲ್ಲಿದ್ದಾನೆ ಎಂದುಕೊಂಡೆ. ಇನ್ನೊಂದು ಲೋಟ ಕೊಟ್ಟೆ, ಅದಕ್ಕೂ ಹಾಕಿದ. ನನ್ನನ್ನು ಅಮ್ಮ ಎಂದ. ಸುಮ್ಮನೆ ಮಾತಿಗೆ, "ನಿನ್ನ ತಂಗಿಯ ಮದುವೆ ಮುಂದಿನ ತಿಂಗಳಲ್ವೇನೋ? ಆಗಸ್ಟ್ ಆದ್ಮೇಲೆ ಯಾವ್ದು?" ಎಂದೆ.

"ಜುಲೈ" ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕೆ. "ಸರಿಯಾಗ್ ಹೇಳೋ, ಆಗಸ್ಟ್ ಆದ್ಮೇಲೆ?"

"ಜುಲೈ. ಜೂನ್. ಮೇ. ಏಪ್ರಿಲ್." ತಡೆಯಿಲ್ಲದೆ ಜನವರಿಯವರೆಗೂ ಹೇಳಿ, ಪುಡಿಂಗ್‌ಗೆ ಕಾಯುವ ಹುಡುಗನ ಹಾಗೆ ನನ್ನ ಮುಖ ನೋಡಿದ. ಅವನು ನಗುತ್ತಿರಲಿಲ್ಲ, ಸಭಿಕರೇ. ನಾನೂ ನಗುವುದನ್ನು ನಿಲ್ಲಿಸಿದೆ.

ಆಮೇಲೆ ಅವನಿಗೇ ಗೊತ್ತಾಯಿತು. "ಅಜ್ಜಿ, ಯಾರಿಗೂ ಹೇಳ್ಬೇಡ. ಈ ಭಾನುವಾರ ಒಂದ್ ಆಗ್ಹೋಗ್ಲಿ. ನನ್ ಜಾಗಕ್ಕೆ ಇನ್ನೊಬ್ಬ ಬೂಟು ಕಟ್ಕೊಂಡು ಕಾಯ್ತಿದಾನೆ. ಅಕ್ಟೋಬರ್‌ಗೆ ನನ್ ಕರಾರು ಮುಗಿಯತ್ತೆ. ಈಗ ಕೂತ್ರೆ ಮತ್ತೆ ಯಾರು ಕರೀತಾರೆ?" ಎಂದ. ಮಾತು ಕೊಟ್ಟೆ. ಅವನು ಕೇಳಿದರೆ ನಾನು ಏನನ್ನು ಕೊಟ್ಟಿಲ್ಲ?

ನಿನ್ನೆ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಕ್ಲಬ್ಬಿಗೆ ಹೋದೆ. ರೀಸ್‌ನ ಹೆಸರು ಎತ್ತದೆ, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ ಕೇಳಿದೆ, ಹುಡುಗನ ತಲೆ ಯಾರ ಹೊಣೆ ಎಂದು. ಗ್ಯಾರಿ, "ಡಾಕ್ಟ್ರು ಸರಿ ಅಂದ್ರೆ ಆಡಿಸ್ತೀನಿ, ಬೇಡ ಅಂದ್ರೆ ಇಲ್ಲ. ತಲೆ ನನ್ ಕೆಲ್ಸ ಅಲ್ಲ, ಎನಿಡಜ್ಜಿ" ಎಂದ. ಡಾಕ್ಟರ್ ಪಾಪ, ಕೂರಿಸಿ ಮಾತಾಡಿಸಿದರು. "ನಾನು ನೋಡೋದು ಪರೀಕ್ಷೆನಮ್ಮ. ಹುಡುಗ ಪಾಸಾಗಿ, ತಲೆನೋವಿಲ್ಲ ಅಂತ ಅವನೇ ಹೇಳಿದ್ರೆ ನಾನೇನ್ ಮಾಡ್ಲಿ? ನಿಜ ಹೇಳೋದು ಅವನ ಕೈಲಿದೆ" ಎಂದರು. ಕ್ಲೆಗ್ ಅವರು, "ನಿಯಮ ಮಾಡೋದು ಲೀಗ್ ಕಚೇರಿಯವರು, ನಾವ್ ಬರೀ ಪಾಲಿಸೋದು" ಎಂದರು. ಕಚೇರಿಗೆ ಫೋನು ಮಾಡಿದೆ. ಒಂದು ಹುಡುಗಿ, ದನಿ ಜೇನಿನಂಥದ್ದು, "ನಾವ್ ಬರೀ ನಿಯಮ ಮಾಡೋದು ಮೇಡಂ, ಪಾಲಿಸೋದು ಕ್ಲಬ್ಬಿನ ಹೊಣೆ" ಎಂದಳು. ಪುನಃ ಕ್ಲೆಗ್ ಅವರ ಕೋಣೆಗೆ ಬಂದೆ. ಅವರು ನನಗೆ ಬಿಸ್ಕತ್ತು ಕೊಟ್ಟರು.

ಒಬ್ಬರೂ ಸುಳ್ಳು ಹೇಳಲಿಲ್ಲ. ಅದೇ ತಿಳಿಯದೆ ನಾನು ಒದ್ದಾಡಿದ್ದು. ಪ್ರತಿಯೊಬ್ಬರ ಬಾಗಿಲಲ್ಲಿ ನಿಂತಾಗಲೂ ಹೌದಲ್ಲ, ಇವರು ಹೇಳುವುದು ಸರಿ ಎನ್ನಿಸಿತು. ಬಿಸ್ಕತ್ತು ಹಿಡಿದುಕೊಂಡು ಹೊರಗೆ ಬಂದರೆ ಹುಡುಗನ ತಲೆ ಇನ್ನೂ ನನ್ನ ಬುಟ್ಟಿಯಲ್ಲೇ ಇತ್ತು. ನಾನು ಓದಿಸಿದ್ದು ತಪ್ಪೇ? ಕಿರುಚಿದ್ದು ತಪ್ಪೇ? ವಿಲ್ಫ್ ತಿರುಗಾಮುರುಗಾ ಓಡಿದ ದಿನ ನಗದೆ ಅತ್ತಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ? ಹುಡುಗ ತಾನೇ ಹೇಳಬೇಕಿತ್ತೇ? ಆಗಸ್ಟ್ ಆದ ಮೇಲೆ ಜುಲೈ ಎನ್ನುವವನ ಬಾಯಿಂದ ಯಾವ ನಿಜ ಬರುತ್ತದೆ? ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ಸಭೆಯಲ್ಲಿ ನಿಂತು ಗೊತ್ತಾಗುತ್ತಿಲ್ಲ ಎನ್ನುವುದು ಶೋಭೆಯಲ್ಲ, ಆದರೆ ನಿಮ್ಮಲ್ಲಿ ಗೊತ್ತಿರುವವರು ಯಾರಿದ್ದೀರಿ, ಕೈ ಎತ್ತಿ. ಹೂಂ. ಪೈ ತಿನ್ನುವಾಗ ಎರಡೂ ಕೈ ಏಳುತ್ತಿದ್ದವು.

ರೀಸ್, ಕೂತ್ಕೋ. ಹೊರಗೆ ಹೋಗಬೇಡ. ಬೈಯುವುದಿದ್ದರೆ ಆಮೇಲೆ ಮನೆಗೆ ಬಂದು ಬೈಯಿ, ಬಾಗಿಲು ತೆರೆದಿರುತ್ತದೆ. ನನ್ನ ಮನೆ ಯಾವುದು ಎಂದು ನಿನಗೆ ನೆನಪಿರುವವರೆಗೂ ಬಾ. ಕೊಟ್ಟ ಮಾತು ಮುರಿದೆ, ಹೌದು. ಚಹಾದ ಹೊತ್ತಿಗೆ ಗೆದ್ವಾ ಎಂದು ಕೇಳುವ ಇನ್ನೊಬ್ಬನಿಗೆ ದಿನಾ ಲೆಕ್ಕ ಕಟ್ಟಿ ಹೇಳುವ ಶಕ್ತಿ ನನಗಿಲ್ಲ ಮಗಾ.

ಡಾಕ್ಟರ್ ಸ್ಪಿಂಕ್, ಈಗ ನಿಮಗೆ ಗೊತ್ತಾಯಿತು. ನಿಮಗೆ ಗೊತ್ತಾಯಿತು ಎನ್ನುವುದು ಇಲ್ಲಿರುವ ನೂರಿಪ್ಪತ್ತು ಜನಕ್ಕೂ ಗೊತ್ತಾಯಿತು. ಭಾನುವಾರ ಅವನ ಹದಿಮೂರನೇ ನಂಬರಿನ ಜೆರ್ಸಿ ನನ್ನ ಬೀರುವಿನಲ್ಲೇ ಇರುತ್ತದೆ, ಬೀಗದ ಕೈ ನನ್ನ ಹತ್ತಿರ. ಅವನೊಬ್ಬನ ಮಟ್ಟಿಗೆ ಹಲಗೆಯ ಮೇಲೆ ನನ್ನ ಹೆಸರು ಬರೆದುಕೊಳ್ಳಿ, ಎನಿಡ್ ಓಲ್ಡ್‌ರಾಯ್ಡ್. ಪುಡಿಂಗ್ ತಿಂದ ಉಳಿದವರಿಗೆ ಯಾರ ಹೆಸರು? ಅದನ್ನು ನೀವು ಹೇಳಬೇಕು. ಒಂದು ಹೆಸರು, ಒಂದೇ. "ನಮ್ಮೆಲ್ಲರ" ಎಂದು ಬರೆದು ಕಳಿಸಿದವರ ಕಾಗದವನ್ನು ಓದದೆ ಒಲೆಗೆ ಹಾಕುತ್ತೇನೆ.

ಊಟ ಹಾಕಿದ್ದಕ್ಕೆ, ಬಿಸ್ಕತ್ತಿಗೆ, ನಲವತ್ತಮೂರು ವರ್ಷದ ಕೆಸರಿಗೆ ನನ್ನ ವಂದನೆಗಳು. ಈ ಜೆರ್ಸಿಯನ್ನು ಚೌಕಟ್ಟಿನಿಂದ ಬಿಚ್ಚಿಕೊಡಿ, ಒಗೆದು ತರುತ್ತೇನೆ. ಅದು ನಾನು ಒಗೆಯುವ ಕೊನೆಯದಾಗಬಾರದು ಎಂದಿದ್ದರೆ ಉತ್ತರ ಬರೆಯಿರಿ, ಕ್ಲೆಗ್ ಅವರೇ, ಗ್ಯಾರಿಯವರೇ, ಪತ್ರಿಕೆ ಓದುತ್ತಿರುವ ನೀವೂ. ಇದು ಆಗಸ್ಟ್. ಆಗಸ್ಟ್ ಆದ ಮೇಲೆ ಬರುವುದು ಸೆಪ್ಟೆಂಬರ್. ಅದು ಹುಟ್ಟುವ ಮೊದಲು ಉತ್ತರ ನನ್ನ ಬಾಗಿಲ ಕೆಳಗಿಂದ ತೂರಿ ಬಂದಿರಬೇಕು.

ಇನ್ನು ಪೈ ತಿನ್ನಿ. ನಮಸ್ಕಾರ.